ಕಟ್ಟಿದ ಹಣಕ್ಕೆ ಲೆಕ್ಕ ಕೇಳುವ ಹಕ್ಕು

(ಬಸವಾಪಟ್ಟಣದಲ್ಲಿ ನಡೆದ ನಮ್ಮ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಕಾರ್ಯದರ್ಶಿಗಳು ನನಗೆ ಕೊಟ್ಟಿರುವ ವಿಷಯ 'ವೃತ್ತಿ ಶಿಕ್ಷಣದಲ್ಲಿ ಹೊಸ ಅವಕಾಶಗಳು'. ಇದೇ ವಿಷಯವನ್ನು ಹೋದ ವರ್ಷ ಒಬ್ಬರು, ಅದರ ಹಿಂದಿನ ವರ್ಷ ಇನ್ನೊಬ್ಬರು ಚೆನ್ನಾಗಿಯೇ ಮಾತನಾಡಿದ್ದಾರೆ. ಅವಕಾಶಗಳ ಪಟ್ಟಿಯನ್ನು ನಾವು ಪ್ರತಿ ವರ್ಷ ಓದುತ್ತೇವೆ. ಆದರೆ ಲಕ್ಷಗಟ್ಟಲೆ ಹಣ ಕಟ್ಟಿದ ಮೇಲೆ ಹೇಳಿದ ಶಿಕ್ಷಣ ಸಿಗದೇ ಹೋದರೆ ಏನು ಮಾಡಬೇಕು ಎಂಬುದನ್ನು ಈ ವೇದಿಕೆಯಲ್ಲಿ ಒಮ್ಮೆಯೂ ಮಾತನಾಡಿಲ್ಲ. ಆದ್ದರಿಂದ ತಮ್ಮ ಅಪ್ಪಣೆ ಪಡೆದು ನನ್ನ ವಿಷಯವನ್ನು ಒಂದೇ ವೃತ್ತಿಗೆ, ಒಂದೇ ಮನೆಗೆ ಇಳಿಸಿಕೊಳ್ಳುತ್ತೇನೆ. ವೃತ್ತಿ ಪೈಲಟ್‌ನದು. ಮನೆ ನಮ್ಮ ಪಕ್ಕದ್ದೇ.

2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ ಕೊನೆಗೆ ಬೆಂಗಳೂರಿನ ವಿಮಾನ ಶುರುವಾಯಿತು. ಅಲ್ಲಿಯವರೆಗೆ ನಮ್ಮ ತರಗತಿಯಲ್ಲಿ 'ಮುಂದೆ ಏನಾಗುತ್ತೀರಿ' ಎಂದು ಕೇಳಿದರೆ ಡಾಕ್ಟರ್, ಇಂಜಿನಿಯರ್, ಪೊಲೀಸ್ ಎನ್ನುತ್ತಿದ್ದ ಮಕ್ಕಳಲ್ಲಿ ಈಗ ಮೂರು ನಾಲ್ಕು ಕೈಗಳು ಪೈಲಟ್ ಎಂದು ಏಳುತ್ತವೆ. ಅವುಗಳಲ್ಲಿ ಹೆಣ್ಣುಮಕ್ಕಳ ಕೈಗಳೂ ಇವೆ. ನನಗೆ ಸಂತೋಷವೇ. ಆ ಹೆಣ್ಣುಮಕ್ಕಳಿಗೆ ನಾನು ಹೇಳುವ ಹೆಸರು ಉಷಾ ಸುಂದರಂ ಅವರದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ 1949ರಲ್ಲಿ ಹೊರಬಂದವರು. 1951ರಲ್ಲಿ ಪತಿ ಕ್ಯಾಪ್ಟನ್ ವಿ. ಸುಂದರಂ ಅವರೊಡನೆ ಇಂಗ್ಲೆಂಡಿನಿಂದ ಮುಂಬಯಿಗೆ ಒಂದು ಡವ್ ವಿಮಾನವನ್ನು 27 ಗಂಟೆಗಳಲ್ಲಿ ತಂದವರು. ಅಂದರೆ ವಿಮಾನ ಹಾರಿಸುವುದು ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದ ವಿದ್ಯೆಯಲ್ಲ. ದುಬಾರಿ ವಿದ್ಯೆ, ಅಷ್ಟೇ.

ಈಗ ಮನೆಯ ಕಥೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಆ ತರಬೇತಿ ಶಾಲೆಯ ಹೆಸರನ್ನೂ ಹೇಳುವುದಿಲ್ಲ. ಅದು ನಮ್ಮ ರಾಜ್ಯದ್ದಲ್ಲ, ಮತ್ತು ವಿಷಯ ಆಯೋಗದ ಮುಂದಿದೆ.

2025ರ ಈದ್ ಕಳೆದು ಒಂದು ವಾರಕ್ಕೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದರು. ಲಾರಿಗಳ ಇಂಜಿನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್. ಕೈಯಲ್ಲಿ ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲ. ಚಹಾ ಮುಗಿಯುವವರೆಗೆ ಮಳೆ ಬೆಳೆ ಮಾತಾಡಿದರು. ಆಮೇಲೆ ಚೀಲವನ್ನು ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಇದರಲ್ಲಿ ಏನಾದರೂ ಇದೆಯಾ ನೋಡಿ" ಎಂದರು.

ಹುಡುಗ 2023ರ ಜೂನ್‌ನಲ್ಲಿ ಸೇರಿದ್ದ. ಒಟ್ಟು ಶುಲ್ಕ 38 ಲಕ್ಷ. ಅಡಿಕೆ ತೋಟದ ಅರ್ಧ ಎಕರೆ, ತಾಯಿಯ ಒಡವೆ, ಮನೆಯ ಮೇಲೆ ಬ್ಯಾಂಕಿನ ಸಾಲ, ಇಷ್ಟು ಸೇರಿಸಿ ಮೊದಲ ನಾಲ್ಕು ತಿಂಗಳಲ್ಲೇ 24 ಲಕ್ಷ ಕಟ್ಟಿದ್ದರು. ಬೇಗ ಕಟ್ಟಿದರೆ ಹಾಸ್ಟೆಲ್ ಬಾಡಿಗೆಯಲ್ಲಿ ರಿಯಾಯಿತಿ ಎಂದಿದ್ದರಂತೆ. ಪುಸ್ತಿಕೆಯಲ್ಲಿ ಎಂಟು ವಿಮಾನಗಳ ಚಿತ್ರ. ಹದಿನಾಲ್ಕು ತಿಂಗಳಲ್ಲಿ 200 ಗಂಟೆ ಹಾರಾಟ ಮುಗಿಯುತ್ತದೆಂದು ಅದರಲ್ಲೇ ಅಚ್ಚಾಗಿತ್ತು. ಹೋಗಿ ನೋಡಿದರೆ ಹಾರುವ ಸ್ಥಿತಿಯಲ್ಲಿದ್ದದ್ದು ಎರಡು, ಕೆಲವು ವಾರ ಮೂರು. ಉಳಿದವು ಹ್ಯಾಂಗರ್‌ನಲ್ಲಿ ಇಂಜಿನ್ ಬಿಚ್ಚಿಕೊಂಡು ನಿಂತಿದ್ದವು. ಸರದಿಯಲ್ಲಿ ಹುಡುಗರು ಹತ್ತಾರು ಮಂದಿ. ಇಪ್ಪತ್ತು ತಿಂಗಳಲ್ಲಿ ನಮ್ಮ ಹುಡುಗ ಹಾರಿದ್ದು 46 ಗಂಟೆ. ಈ ನಡುವೆ ಇಂಧನದ ಬೆಲೆ ಏರಿದೆ ಎಂದು ಮತ್ತೆ ಹಣ ಕೇಳಿದರು. ರಮಜಾನ್‌ಗೆ ಊರಿಗೆ ಬಂದವನು ವಾಪಸ್ ಹೋಗಲಿಲ್ಲ.

ತಂದೆ ಒಂದು ಮಾತು ಹೇಳಿದರು. "ಮೇಷ್ಟ್ರೇ, ಇಂಜಿನ್ ಬಿಚ್ಚಿಟ್ಟ ಗಾಡಿ ತೋರಿಸಿ ನಾನು ಗಿರಾಕಿ ಹತ್ರ ಬಾಡಿಗೆ ಮುಂಗಡ ತಗೊಂಡ್ರೆ ಬಸ್ ಸ್ಟ್ಯಾಂಡಲ್ಲಿ ನಿಲ್ಲಿಸಿ ಕೇಳ್ತಾರೆ. ಇವರನ್ನ ಯಾರು ಕೇಳ್ತಾರೆ?"

ಹಾಗಾದರೆ ಇಷ್ಟು ತಿಂಗಳು ಯಾಕೆ ಸುಮ್ಮನಿದ್ದಿರಿ ಚಾಚಾ ಎಂದೆ. ಅವರು ಉತ್ತರ ಕೊಡಲಿಲ್ಲ. ಉತ್ತರ ನನಗೂ ಗೊತ್ತಿತ್ತು, ತಮಗೂ ಗೊತ್ತು. ಹುಡುಗ ಹೊರಡುವ ಮುನ್ನ ಇದೇ ವೇದಿಕೆಯ ಮೇಲೆ ಅವನಿಗೆ ಶಾಲು ಹೊದಿಸಿದ್ದೆವು. ಅವನ ಭಾವಚಿತ್ರ ಇದೇ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಊರಿನ ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿದರು. ಅವನ ತಂದೆಯ ಗ್ಯಾರೇಜಿಗೆ 'ಪೈಲಟ್ ಗ್ಯಾರೇಜ್' ಎಂದು ಹುಡುಗರು ಹೆಸರಿಟ್ಟರು. ಅಷ್ಟೆಲ್ಲ ಆದ ಮೇಲೆ, ಮಗ ಮನೆಯಲ್ಲಿ ಕೂತಿದ್ದಾನೆ ಎಂದು ಆ ಮನುಷ್ಯ ಯಾರ ಮುಂದೆ ಹೇಳಬೇಕು? ರಜೆ ಎಂದರು, ಪರೀಕ್ಷೆ ಎಂದರು, ವಿಮಾನ ರಿಪೇರಿಯಲ್ಲಿದೆ ಎಂದರು. ಕೊನೆಯದು ಸುಳ್ಳೂ ಅಲ್ಲ. ಶಾಲು ಹೊದಿಸಿದ ನಾವು ಇಪ್ಪತ್ತು ತಿಂಗಳಲ್ಲಿ ಒಮ್ಮೆಯಾದರೂ ಫೋನ್ ಮಾಡಿ 'ಎಷ್ಟು ಗಂಟೆ ಆಯಿತಪ್ಪಾ' ಎಂದು ಕೇಳಲಿಲ್ಲ. ಈ ತಪ್ಪಿನಲ್ಲಿ ನಾನೂ ಇದ್ದೇನೆ. ಅಂದು ಶಾಲಿನ ಒಂದು ತುದಿ ಹಿಡಿದವನೇ ನಾನು.

ಉರ್ದು, ಕನ್ನಡ ಎರಡನ್ನೂ ಕಲಿಸುವ ನನಗೆ ಆ ದಿನ ಎರಡು ಪದಗಳು ತಲೆಯಲ್ಲಿ ಸುತ್ತಿದವು. ಮನೆಯಲ್ಲಿ ಮಕ್ಕಳಿಗೆ ನಾವು 'ಶಿಕಾಯತ್ ಮಾಡಬೇಡ' ಎಂದು ಹೇಳಿಕೊಡುತ್ತೇವೆ. ಊಟ ಸರಿಯಿಲ್ಲ, ತಮ್ಮ ಹೊಡೆದ, ಇದೆಲ್ಲ ಶಿಕಾಯತ್. ಆದರೆ ಕನ್ನಡದ ಕಚೇರಿಗಳಲ್ಲಿ ಬಳಸುವ ಪದ ಫಿರ್ಯಾದು. ಅದು ಪಾರಸಿಯ ಫರಿಯಾದ್, ಅಂದರೆ ನೊಂದವನು ನ್ಯಾಯ ಕೇಳಿ ಕೂಗುವ ಕೂಗು. ಅರ್ಜಿ, ರಸೀದಿ, ಕರಾರು, ತಾರೀಖು, ದಾಖಲೆ, ನಕಲು, ವಕೀಲ, ಜಾಮೀನು, ಇವೆಲ್ಲ ನಮ್ಮ ಎರಡು ಭಾಷೆಗಳಿಗೂ ಸೇರಿದ ಪದಗಳೇ. ಆದರೂ ರಸೀದಿ ಕೇಳುವುದೆಂದರೆ ನಮಗೆ ಏನೋ ಸಂಕೋಚ. ಕೇಳಿದರೆ ನಂಬಿಕೆ ಇಲ್ಲ ಎಂದುಕೊಂಡಾರು ಎಂಬ ಅಳುಕು.

ಚೀಲದಲ್ಲಿ ಏನಿತ್ತು ಎಂದು ಹೇಳುತ್ತೇನೆ. ವಿದ್ಯಾರ್ಥಿಗಳು ಗಮನಿಸಬೇಕು. ಬಣ್ಣದ ಪುಸ್ತಿಕೆ ಇತ್ತು, ಅದನ್ನು ಎಸೆಯದೆ ಇಟ್ಟಿದ್ದು ಪುಣ್ಯ. ಬ್ಯಾಂಕಿನ ಮೂರು ಚಲನ್‌ಗಳಿದ್ದವು. ಆದರೆ ಶಾಲೆ ಕೊಟ್ಟ ರಸೀದಿ ಒಂದೇ, ಅದೂ 5 ಲಕ್ಷಕ್ಕೆ ಮಾತ್ರ. ಸೇರುವಾಗ ಸಹಿ ಹಾಕಿದ ಕರಾರು ಪತ್ರದ ನಕಲು ಇರಲಿಲ್ಲ. ಒಂದೇ ಪ್ರತಿ, ಅದು ಶಾಲೆಯ ಬಳಿ. ಹುಡುಗನ ಲಾಗ್‌ಬುಕ್ಕೂ ಶಾಲೆಯ ಬಳಿ. ಅವನ ಫೋನಿನಲ್ಲಿ ಮಾತ್ರ ಒಂದು ಆಸ್ತಿ ಇತ್ತು. ಪ್ರತಿ ಸಂಜೆ ಮರುದಿನದ ಹಾರಾಟದ ಪಟ್ಟಿಯನ್ನು ಶಾಲೆಯವರು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಇಪ್ಪತ್ತು ತಿಂಗಳ ಪಟ್ಟಿಗಳು. ಯಾವ ದಿನ ಎಷ್ಟು ವಿಮಾನ, ಯಾರ ಸರದಿ, ಯಾವ ದಿನ ರದ್ದು, ಯಾಕೆ ರದ್ದು, ಎಲ್ಲವೂ ಅದರಲ್ಲೇ.

ನಾವು ಮೂವರು ಎರಡು ಭಾನುವಾರ ಕೂತು ಆ ಪಟ್ಟಿಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿದೆವು. ಈ ಕೆಲಸ ಮಾಡುವಾಗ ನಾನು ಹುಡುಗನಿಗೆ ಒಂದು ಷರತ್ತು ಹಾಕಿದ್ದೆ. ಮಳೆ, ಮಂಜು, ಗಾಳಿಯಿಂದ ರದ್ದಾದ ದಿನಗಳನ್ನು ಬೇರೆ ಕಾಲಂನಲ್ಲಿ ಬರೆ, ಅವುಗಳನ್ನು ಶಾಲೆಯ ಲೆಕ್ಕಕ್ಕೆ ಹಾಕಬೇಡ ಎಂದು. ನಿಧಾನವಾದದ್ದೆಲ್ಲ ಮೋಸವಲ್ಲ. ಮುಂಗಾರಿನಲ್ಲಿ ಚಿಕ್ಕ ವಿಮಾನಗಳು ವಾರಗಟ್ಟಲೆ ನೆಲ ಬಿಡುವುದಿಲ್ಲ. ಬಿಡಿಭಾಗಗಳು ಹೊರದೇಶದಿಂದ ಬರಬೇಕು. ಒಳ್ಳೆಯ ಬೋಧಕರು ದೊಡ್ಡ ವಿಮಾನ ಕಂಪನಿಗಳಿಗೆ ಹೊರಟುಹೋಗುತ್ತಾರೆ. ಸುರಕ್ಷತೆಗಾಗಿ ಹಾರಾಟ ನಿಲ್ಲಿಸಿದ ಶಾಲೆಯನ್ನು ಹಳಿಯಬಾರದು, ಮೆಚ್ಚಬೇಕು. ಆದರೆ ಎಂಟು ವಿಮಾನ ಇವೆ ಎಂದು ಹೇಳಿ ಎರಡನ್ನು ಹಾರಿಸುವುದು ಹವಾಮಾನದ ದೋಷವಲ್ಲ. ಈ ಎರಡನ್ನು ಬೇರೆ ಮಾಡಿ ತೋರಿಸಿದ್ದರಿಂದಲೇ ಮುಂದೆ ವಕೀಲರು ನಮ್ಮ ನೋಟ್‌ಬುಕ್ಕನ್ನು ಗಂಭೀರವಾಗಿ ತೆಗೆದುಕೊಂಡರು.

ಹಣದ ಲೆಕ್ಕವನ್ನೂ ಹಾಗೆಯೇ ಮಾಡಿದೆವು. ಊರಿನ ಕೆಲವರು 24 ಲಕ್ಷವನ್ನೂ ಕೇಳಿ, ಮೇಲೆ ಹತ್ತು ಲಕ್ಷ ಪರಿಹಾರ ಸೇರಿಸಿ ಎಂದರು. ನಾನು ಒಪ್ಪಲಿಲ್ಲ. 38 ಲಕ್ಷಕ್ಕೆ 200 ಗಂಟೆ ಎಂದರೆ ಗಂಟೆಗೆ 19,000 ರೂಪಾಯಿ. ಹಾರಿದ 46 ಗಂಟೆಗೆ 8,74,000. ಕಟ್ಟಿದ 24 ಲಕ್ಷದಲ್ಲಿ ಅದನ್ನು ಕಳೆದರೆ 15,26,000. ಹಾರದ ಗಂಟೆಗಳ ಹಣ ಅಷ್ಟು. ಅದನ್ನು, ಅದರ ಬಡ್ಡಿಯನ್ನು, ಖರ್ಚನ್ನು ಕೇಳೋಣ ಎಂದೆ. ಏಳನೇ ತರಗತಿಯ ಗಣಿತ ಇದು. ಪಡೆದದ್ದನ್ನು ಪಡೆದೆ ಎಂದು ಒಪ್ಪಿಕೊಂಡವನ ಮಾತಿಗೆ ತೂಕ ಬರುತ್ತದೆ.

ಮೊದಲು ಶಾಲೆಗೆ ಪತ್ರ. ಸಿಟ್ಟಿನ ಮಾತು ಒಂದೂ ಇಲ್ಲದ, ತಾರೀಖು ಮತ್ತು ಅಂಕಿಗಳಷ್ಟೇ ಇದ್ದ ಒಂದೂವರೆ ಪುಟ. ಹದಿನೈದು ದಿನಗಳ ಗಡುವು. ಆಗ ರಿಜಿಸ್ಟರ್ಡ್ ಅಂಚೆಯಲ್ಲಿ ಸ್ವೀಕೃತಿ ಪತ್ರ ಸಹಿತ ಕಳುಹಿಸಿದೆವು. ಆಮೇಲೆ 2025ರಲ್ಲೇ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದೆ. ಆದ್ದರಿಂದ ಈಗ ಸ್ಪೀಡ್ ಪೋಸ್ಟ್‌ನಲ್ಲೇ ಕಳುಹಿಸಿ, ರಸೀದಿಯನ್ನು ಪತ್ರದ ನಕಲಿಗೆ ಪಿನ್ ಮಾಡಿಡಬೇಕು. ಪತ್ರದಲ್ಲಿ ನಾವು ಹಣಕ್ಕಿಂತ ಮೊದಲು ಕೇಳಿದ್ದು ಲಾಗ್‌ಬುಕ್. ಪೈಲಟ್‌ನ ಲಾಗ್‌ಬುಕ್ ಅವನ ಸ್ವಂತ ದಾಖಲೆ, ಶಾಲೆಯ ಅಡಮಾನದ ವಸ್ತುವಲ್ಲ. ವಾಣಿಜ್ಯ ಪೈಲಟ್ ಪರವಾನಗಿಗೆ ಬೇಕಾದ 200 ಗಂಟೆಗಳಲ್ಲಿ 100 ಗಂಟೆ ತಾನೇ ಮುಖ್ಯ ಪೈಲಟ್ ಆಗಿ ಹಾರಿರಬೇಕು. ಇದಕ್ಕೆಲ್ಲ ಸಾಕ್ಷಿ ಸಹಿಯಾದ ಲಾಗ್‌ಬುಕ್ಕೇ. ಅದು ಕೈಯಲ್ಲಿಲ್ಲದಿದ್ದರೆ ಬೇರೆ ಶಾಲೆಗೆ ಹೋದಾಗ ಹುಡುಗನ 46 ಗಂಟೆ ಸೊನ್ನೆಯಾಗುತ್ತದೆ. ಹಣ ತಡವಾಗಿ ಬಂದರೂ ಬಂದೀತು. ಇವನ ವಯಸ್ಸು, ವೈದ್ಯಕೀಯ ಪ್ರಮಾಣಪತ್ರದ ಅವಧಿ, ಪಾಸು ಮಾಡಿದ ಪರೀಕ್ಷೆಗಳ ಅವಧಿ ಯಾವುದೂ ಕಾಯುವುದಿಲ್ಲ.

ಪತ್ರಕ್ಕೆ ಇಪ್ಪತ್ತನೆಯ ದಿನ ಉತ್ತರ ಬಂತು. ಕಟ್ಟಿದ ಶುಲ್ಕವನ್ನು ಯಾವ ಕಾರಣಕ್ಕೂ ಹಿಂತಿರುಗಿಸಲಾಗದು, ಕರಾರಿನ ಇಂಥ ಕಲಂ ನೋಡಿ, ಬೇಕಾದರೆ ಮುಂದಿನ ತಂಡದಲ್ಲಿ ಹೊಂದಿಸಿಕೊಡುತ್ತೇವೆ ಎಂದು. ಜೊತೆಗೆ ಒಂದು ಪಾರ್ಸೆಲ್. ಲಾಗ್‌ಬುಕ್, 46 ಗಂಟೆಗೂ ಸಹಿ ಮಾಡಿ. ನಾವು ಕೇಳದೇ ಇದ್ದಿದ್ದರೆ ಅದು ಅಲ್ಲೇ ಕಪಾಟಿನಲ್ಲಿ ಇರುತ್ತಿತ್ತು.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸಂಖ್ಯೆ 1915. ಕನ್ನಡದಲ್ಲೇ ಮಾತನಾಡಬಹುದು. ಅವರು ದೂರನ್ನು ದಾಖಲಿಸಿ ಎದುರು ಪಕ್ಷಕ್ಕೆ ಕಳುಹಿಸುತ್ತಾರೆ, ರಾಜಿಗೆ ಯತ್ನಿಸುತ್ತಾರೆ, ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ನಮ್ಮ ವಿಷಯದಲ್ಲಿ ಶಾಲೆಯವರು ಅದೇ ಕಲಮನ್ನು ಮತ್ತೆ ಕಳುಹಿಸಿದರು. ಅಲ್ಲಿಗೆ ಆ ದಾರಿ ಮುಗಿಯಿತು.

ಇನ್ನು ಗ್ರಾಹಕ ಆಯೋಗ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲೇ ಹೆಚ್ಚಿನವರು ಹೆದರಿ ಹಿಂದೆ ಸರಿಯುತ್ತಾರೆ. 1986ರ ಕಾಯ್ದೆಯ ಜಾಗದಲ್ಲಿ ಈಗ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಇದರಲ್ಲಿ ನಮ್ಮಂಥ ಊರಿನವರಿಗೆ ದೊಡ್ಡ ಅನುಕೂಲವೊಂದಿದೆ. ಶಾಲೆ ಯಾವ ರಾಜ್ಯದಲ್ಲೇ ಇರಲಿ, ದೂರು ಕೊಡುವವನು ತಾನು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ನಮಗೆ ಅದು ದಾವಣಗೆರೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ಮೊದಲು ಚನ್ನಗಿರಿ ತಾಲ್ಲೂಕಿನವರು ಎಲ್ಲದಕ್ಕೂ ಶಿವಮೊಗ್ಗಕ್ಕೆ ಹೋಗಬೇಕಿತ್ತು, ಹಿರಿಯರಿಗೆ ನೆನಪಿರಬಹುದು. 'ವ್ಯಾಜ್ಯವೇನಿದ್ದರೂ ನಮ್ಮ ಊರಿನ ನ್ಯಾಯಾಲಯದಲ್ಲಿ ಮಾತ್ರ' ಎಂದು ಕರಾರಿನಲ್ಲಿ ಬರೆದಿದ್ದರೆ ಹೆದರಬೇಕಾಗಿಲ್ಲ. ಮಧ್ಯಸ್ಥಿಕೆಯ ಕಲಂ ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಎಮಾರ್ ಕಂಪನಿಯ ಮೊಕದ್ದಮೆಯಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಕಟ್ಟಿದ ಹಣ 50 ಲಕ್ಷ ರೂಪಾಯಿಯವರೆಗೆ ಇದ್ದರೆ ಜಿಲ್ಲಾ ಆಯೋಗ. ಇದು 2021ರ ಕೊನೆಯಿಂದ ಬಂದ ಮಿತಿ. ಅದಕ್ಕಿಂತ ಹೆಚ್ಚು, 2 ಕೋಟಿಯವರೆಗೆ ರಾಜ್ಯ ಆಯೋಗ. ಶುಲ್ಕ ಕೇಳಿದರೆ ನಗು ಬರುತ್ತದೆ. ಕಟ್ಟಿದ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ನಮ್ಮ 24 ಲಕ್ಷಕ್ಕೆ 1,000 ರೂಪಾಯಿ. ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವಿಲ್ಲ. ದೂರನ್ನು ಇ-ಜಾಗೃತಿ ಎಂಬ ತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ವಿಡಿಯೋ ಮೂಲಕ ವಿಚಾರಣೆಗೂ ಕೇಳಿಕೊಳ್ಳಬಹುದು. ಆದರೆ ಒಂದು ಗಡುವು ಇದೆ, ಅದನ್ನು ಗೋಡೆಯ ಮೇಲೆ ಬರೆದಿಡಿ. ಅನ್ಯಾಯ ನಡೆದ ದಿನದಿಂದ ಎರಡು ವರ್ಷ. ಮರ್ಯಾದೆಗೆ ಅಂಜಿ ಸುಮ್ಮನೆ ಕೂತ ದಿನಗಳೂ ಆ ಎರಡು ವರ್ಷದಲ್ಲೇ ಸೇರುತ್ತವೆ.

ಇಷ್ಟೆಲ್ಲ ಸುಲಭವೆಂದು ಹೇಳಿ ತಮ್ಮನ್ನು ಕಳುಹಿಸಿಬಿಟ್ಟರೆ ಅದೂ ಒಂದು ಬಣ್ಣದ ಪುಸ್ತಿಕೆಯೇ ಆದೀತು. ಈ ದಾರಿಯಲ್ಲಿ ಒಂದು ದೊಡ್ಡ ಕಲ್ಲಿದೆ. ಶಿಕ್ಷಣವು ಗ್ರಾಹಕ ಕಾಯ್ದೆಯ ಅರ್ಥದಲ್ಲಿ 'ಸೇವೆ'ಯೇ ಎಂಬ ಪ್ರಶ್ನೆ ಅದು. 2012ರಲ್ಲಿ ಪಿ.ಟಿ. ಕೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಮಾರಾಟದ ಸರಕಲ್ಲ, ಪ್ರವೇಶ, ಶುಲ್ಕದಂಥ ವಿಷಯಗಳಲ್ಲಿ ಶಿಕ್ಷಣ ಸಂಸ್ಥೆಗಳು ಈ ಕಾಯ್ದೆಯ ಸೇವೆ ಕೊಡುವುದಿಲ್ಲ ಎಂದಿತು. ಮನು ಸೋಳಂಕಿ ಪ್ರಕರಣದಲ್ಲಿ 2020ರ ಜನವರಿಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗದ ವಿಸ್ತೃತ ಪೀಠ ವೃತ್ತಿ ಶಿಕ್ಷಣ ಸಂಸ್ಥೆಗಳನ್ನೂ ಹೊರಗಿಟ್ಟು, ಕೋಚಿಂಗ್ ಕೇಂದ್ರಗಳನ್ನು ಮಾತ್ರ ಕಾಯ್ದೆಯ ಒಳಗೆ ಉಳಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದರ ಮೇಲಿನ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ವಿಚಾರಣೆಗೆ ಅಂಗೀಕರಿಸಿತು. ಇನ್ನೊಂದು ಕಡೆ 2009ರ ತೀರ್ಪೊಂದಿದೆ. ಪಾಟ್ನಾದ ಬುದ್ಧಿಸ್ಟ್ ಮಿಷನ್ ದಂತ ವೈದ್ಯಕೀಯ ಕಾಲೇಜು ತನಗೆ ವಿಶ್ವವಿದ್ಯಾಲಯದ ಸಂಯೋಜನೆ, ದಂತ ವೈದ್ಯಕೀಯ ಪರಿಷತ್ತಿನ ಮಾನ್ಯತೆ ಇದೆಯೆಂದು ನಂಬಿಸಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತ್ತು. ಎರಡೂ ಇರಲಿಲ್ಲ. ಆ ವಿದ್ಯಾರ್ಥಿಗಳು ಗ್ರಾಹಕರೆಂದೇ ಆಯೋಗಕ್ಕೆ ಹೋಗಿ, ಸುಪ್ರೀಂ ಕೋರ್ಟಿನವರೆಗೂ ಗೆದ್ದು ಹಣ ಮತ್ತು ಪರಿಹಾರ ಪಡೆದರು.

ಹಾಗಾದರೆ ವಿಮಾನ ತರಬೇತಿ ಶಾಲೆ ಯಾವ ಸಾಲಿಗೆ ಸೇರುತ್ತದೆ? ನಾನು ಕಾನೂನು ಓದಿದವನಲ್ಲ. ಆದರೆ ಮೇಷ್ಟ್ರಾಗಿ ನನಗೆ ಅನಿಸುವುದನ್ನು ಹೇಳುತ್ತೇನೆ. ಅದು ಪದವಿ ಕೊಡುವುದಿಲ್ಲ. ಪರೀಕ್ಷೆ ನಡೆಸಿ ಪರವಾನಗಿ ಕೊಡುವುದು ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಶಾಲೆ ಕೊಡುವುದು ಪಾಠ ಮತ್ತು ಹಾರಾಟದ ಗಂಟೆ, ಅದನ್ನೂ ಗಂಟೆಯ ಲೆಕ್ಕದಲ್ಲೇ. ಗಂಟೆಗೆ ಬೆಲೆ ಕಟ್ಟಿ ಮಾರಿದ್ದನ್ನು, ಲೆಕ್ಕ ಕೇಳಿದ ಕೂಡಲೇ ಪವಿತ್ರ ವಿದ್ಯಾದಾನ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ದಾವಣಗೆರೆಯ ನಮ್ಮ ವಕೀಲರು ಅಷ್ಟು ಉತ್ಸಾಹ ತೋರಲಿಲ್ಲ. ಎದುರು ಪಕ್ಷ ಮೊದಲ ಆಕ್ಷೇಪವನ್ನೇ ಇದರ ಮೇಲೆ ಎತ್ತುತ್ತದೆ, ಸಿದ್ಧರಾಗಿರಿ ಎಂದರು. ಆದ್ದರಿಂದ ದೂರನ್ನು 'ಚೆನ್ನಾಗಿ ಕಲಿಸಲಿಲ್ಲ' ಎಂಬ ಮಾತಿನ ಮೇಲೆ ನಿಲ್ಲಿಸಲಿಲ್ಲ. ಇಲ್ಲದ ವಿಮಾನಗಳನ್ನು ಇವೆ ಎಂದರು, ಹಾರದ ಗಂಟೆಗೆ ಹಣ ಇಟ್ಟುಕೊಂಡರು, ಈ ಎರಡರ ಮೇಲೆ ನಿಲ್ಲಿಸಿದೆವು.

ಆಯೋಗ ಒಪ್ಪದಿದ್ದರೆ ಎಲ್ಲವೂ ಮುಗಿಯಿತೆಂದಲ್ಲ. ಸಿವಿಲ್ ನ್ಯಾಯಾಲಯದಲ್ಲಿ ಹಣ ವಸೂಲಿ ದಾವೆಗೆ ಮೂರು ವರ್ಷದ ಅವಧಿ ಇದೆ. ಸದುದ್ದೇಶದಿಂದ ಆಯೋಗದಲ್ಲಿ ಕಳೆದ ಕಾಲವನ್ನು ಬಿಟ್ಟು ಲೆಕ್ಕ ಹಾಕಿ ಎಂದು ಅಲ್ಲಿ ಕೇಳಿಕೊಳ್ಳಲೂ ಅವಕಾಶವಿದೆ. ಸಿವಿಲ್ ದಾವೆಗೆ ಶುಲ್ಕ ಹೆಚ್ಚು, ಕಾಲವೂ ಹೆಚ್ಚು. ಕೈಯಲ್ಲಿ ಹಣವಿಲ್ಲದವರು, ಹೆಣ್ಣುಮಕ್ಕಳು ಚನ್ನಗಿರಿಯ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು. ಪೊಲೀಸರ ಬಳಿ ಹೋಗಬೇಕೆ ಎಂದು ಹಲವರು ಕೇಳಿದರು. ಸುಳ್ಳು ಮಾನ್ಯತೆ ಪತ್ರ, ಖೋಟಾ ರಸೀದಿ ಇದ್ದರೆ ಹೋಗಲೇಬೇಕು, ಅದು ವಂಚನೆ. ಬರೀ ವಿಳಂಬವಾದರೆ ಅವರು ಸಿವಿಲ್ ವಿಷಯವೆಂದು ಹಿಂದೆ ಕಳುಹಿಸುತ್ತಾರೆ.

ಡಿಜಿಸಿಎಗೂ ಬರೆದೆವು. ಇಲ್ಲಿ ತಪ್ಪು ನಿರೀಕ್ಷೆ ಬೇಡ. ಅದು ಶುಲ್ಕ ವಾಪಸ್ ಕೊಡಿಸುವ ಕಚೇರಿಯಲ್ಲ. ಅದರ ಕೆಲಸ ಸುರಕ್ಷತೆ ಮತ್ತು ಮಾನ್ಯತೆ. ಆ ಕೆಲಸದಲ್ಲಿ ಅದರ ಕೈ ಎಷ್ಟು ಗಟ್ಟಿ ಎಂಬುದನ್ನು 2023ರ ಅಕ್ಟೋಬರ್‌ನಲ್ಲಿ ನೋಡಿದ್ದೇವೆ. ಮಹಾರಾಷ್ಟ್ರದ ಬಾರಾಮತಿ ಬಳಿ ಒಂದೇ ವಾರದೊಳಗೆ ರೆಡ್‌ಬರ್ಡ್ ಅಕಾಡೆಮಿಯ ಎರಡು ತರಬೇತಿ ವಿಮಾನಗಳು ಅಪಘಾತಕ್ಕೀಡಾದಾಗ, ಡಿಜಿಸಿಎ ಆ ಅಕಾಡೆಮಿಯ ಎಲ್ಲ ನೆಲೆಗಳಲ್ಲೂ ಹಾರಾಟ ತರಬೇತಿ ನಿಲ್ಲಿಸಿತು. ನಮ್ಮ ಬೆಳಗಾವಿ, ಕಲಬುರಗಿಯ ನೆಲೆಗಳೂ ಅದರಲ್ಲಿ ಸೇರಿದ್ದವು. ನಾನು ಹೇಳುತ್ತಿರುವ ಹುಡುಗ ಆ ಅಕಾಡೆಮಿಯವನಲ್ಲ, ತಪ್ಪು ತಿಳಿಯಬಾರದು. ನಾನು ಹೇಳಬಂದದ್ದು ಇಷ್ಟು: ಸುರಕ್ಷತೆಗಾಗಿ ನಿಲ್ಲಿಸಿದ್ದು ಸರಿ. ಆದರೆ ನಿಲ್ಲಿಸಿದ ದಿನಗಳಲ್ಲೂ ವಿದ್ಯಾರ್ಥಿಯ ಸಾಲಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ. ಅಂಥ ಕಾಲದಲ್ಲಿ ಹಣದ ಗತಿ ಏನು ಎಂಬುದನ್ನು ಸೇರುವ ದಿನವೇ ಕರಾರಿನಲ್ಲಿ ಬರೆಸಿಕೊಳ್ಳಬೇಕು.

2025ರ ಸೆಪ್ಟೆಂಬರ್ ಕೊನೆಯಲ್ಲಿ ಡಿಜಿಸಿಎ ಮೊದಲ ಬಾರಿಗೆ ದೇಶದ 35 ಹಾರಾಟ ತರಬೇತಿ ಸಂಸ್ಥೆಗಳನ್ನು ಶ್ರೇಣಿ ಹಾಕಿ ಪ್ರಕಟಿಸಿತು. ಎ ಪ್ಲಸ್ ಮತ್ತು ಎ ಶ್ರೇಣಿಯಲ್ಲಿ ಒಂದೂ ಇರಲಿಲ್ಲ. 13 ಸಂಸ್ಥೆಗಳಿಗೆ ಬಿ, ಉಳಿದ 22ಕ್ಕೆ ಸಿ. ನಮ್ಮ ಮಕ್ಕಳ ಅಂಕಪಟ್ಟಿಯಲ್ಲಿ ಸಿ ಬಂದರೆ ಪೋಷಕರು ಶಾಲೆಗೆ ಬಂದು ನನ್ನನ್ನು ಕೇಳುತ್ತಾರೆ. ಲಕ್ಷಾಂತರ ಕಟ್ಟುವ ಶಾಲೆಯ ಶ್ರೇಣಿ ಯಾವುದೆಂದು ಕಟ್ಟುವ ಮುನ್ನ ಒಂದು ಸಲ ನೋಡಬಾರದೇ? ನಮ್ಮ ಹುಡುಗ ಸೇರುವಾಗ ಈ ಪಟ್ಟಿ ಇರಲಿಲ್ಲ. ಈಗ ಇದೆ. ಮಾಹಿತಿ ಹಕ್ಕು ಅರ್ಜಿಯಲ್ಲಿ ಒಂದು ಶಾಲೆಯ ಮಾನ್ಯತೆಯ ಅವಧಿ, ವಿಮಾನಗಳ ಸಂಖ್ಯೆಯನ್ನು ಡಿಜಿಸಿಎಯಿಂದ ಕೇಳಲೂ ಬಹುದು. ಹತ್ತು ರೂಪಾಯಿಯ ಅರ್ಜಿ.

ಜಕ್ಕೂರಿನಂಥ ಸರ್ಕಾರಿ ಶಾಲೆಯ ವಿಷಯವಾದರೆ ದಾರಿ ಬೇರೆ. ಅದು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿದೆ. ಅಲ್ಲಿ ಇಲಾಖೆಗೆ ಅರ್ಜಿ, ಮಾಹಿತಿ ಹಕ್ಕು, ಲೋಕಾಯುಕ್ತ, ಕೊನೆಗೆ ಹೈಕೋರ್ಟಿಗೆ ರಿಟ್ ಅರ್ಜಿ ಇವುಗಳ ಮೂಲಕ ಕೇಳಬಹುದು.

ಪೂರ್ತಿ ಹಣವನ್ನು ಒಟ್ಟಿಗೆ ಕಟ್ಟಬಾರದು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಇದಕ್ಕೆ ನಮ್ಮ ರಾಜ್ಯದ ಹೆಸರೇ ಇರುವ ತೀರ್ಪೊಂದಿದೆ. ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಶನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ, 2003ರ ಆಗಸ್ಟ್. ವೃತ್ತಿ ಶಿಕ್ಷಣ ಕಾಲೇಜುಗಳ ಬಗ್ಗೆ ಅದರಲ್ಲಿ ಸುಪ್ರೀಂ ಕೋರ್ಟ್, ಒಂದು ವರ್ಷ ಅಥವಾ ಒಂದು ಸೆಮಿಸ್ಟರ್‌ನ ಶುಲ್ಕ ಮಾತ್ರ ಪಡೆಯಬೇಕು, ಮುಂಗಡವಾಗಿ ಹೆಚ್ಚು ಪಡೆದಿದ್ದರೆ ಉಳಿದದ್ದನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿಯನ್ನು ವಿದ್ಯಾರ್ಥಿಗೆ ಕೊಡಬೇಕು ಎಂದಿತು. ಆ ತೀರ್ಪು ವಿಮಾನ ಶಾಲೆಗಳ ಮೇಲೆ ಬಂದದ್ದಲ್ಲ, ನಿಜ. ಆದರೆ ಅದರ ನ್ಯಾಯ ನೋಡಿ. ಕಲಿಸದ ವರ್ಷದ ಹಣ ಸಂಸ್ಥೆಯ ಆದಾಯವಲ್ಲ, ಅದು ಅಮಾನತು. ಹಾರಿದಷ್ಟಕ್ಕೆ ಹಣ, ಹತ್ತು ಅಥವಾ ಇಪ್ಪತ್ತು ಗಂಟೆಗೊಂದು ಕಂತು ಎಂದು ಕೇಳಿ. ಒಪ್ಪದ ಶಾಲೆಯ ರಿಯಾಯಿತಿ ನಮಗೆ ಬೇಡ.

ಈಗ ಹುಡುಗನ ವಿಷಯ ಎಲ್ಲಿಗೆ ಬಂತು ಎಂದು ತಾವು ಕೇಳುತ್ತೀರಿ. 2025ರ ಆಗಸ್ಟ್‌ನಲ್ಲಿ ದೂರು ದಾಖಲಾಯಿತು. ಶಾಲೆಯವರ ಉತ್ತರ ಬಂತು. ವಕೀಲರು ಹೇಳಿದಂತೆಯೇ ಮೊದಲ ಪ್ಯಾರಾದಲ್ಲೇ 'ನಾವು ಶಿಕ್ಷಣ ಸಂಸ್ಥೆ' ಎಂಬ ಆಕ್ಷೇಪ. ಎರಡನೆಯದರಲ್ಲಿ ಹವಾಮಾನ. ಆದರೆ ಆ ಉತ್ತರದ ಜೊತೆಗೆ ಅವರೇ ಲಗತ್ತಿಸಿದ ಕರಾರಿನ ನಕಲು ಸಿಕ್ಕಿತು. ನಾವು ಕೇಳಿ ಕೇಳಿ ಸೋತಿದ್ದ ಪತ್ರ ಅದು. ಅದರಲ್ಲಿ 'ಎಂಟು ವಿಮಾನ' ಎಂಬುದು ಅಕ್ಷರದಲ್ಲಿ ಬರೆದಿದೆ. ವಾದಕ್ಕೆ ಇನ್ನೂ ದಿನ ಬರಬೇಕು. ಮಧ್ಯದಲ್ಲಿ ಒಮ್ಮೆ ಶಾಲೆಯವರು ಫೋನ್ ಮಾಡಿ 6 ಲಕ್ಷಕ್ಕೆ ರಾಜಿಯಾಗಿ ಎಂದರು. ಮನೆಯ ಸಾಲದ ಕಂತು ಕುತ್ತಿಗೆಗೆ ಬಂದಿದ್ದ ತಿಂಗಳು ಅದು. ತಂದೆ ಒಂದು ರಾತ್ರಿ ಯೋಚಿಸಿ ಬೇಡವೆಂದರು. ಅವರು ಒಪ್ಪಿದ್ದರೂ ನಾನು ತಪ್ಪು ಎನ್ನುತ್ತಿರಲಿಲ್ಲ. ಸಾಲದ ನೋವು ಕಟ್ಟುವವನಿಗೇ ಗೊತ್ತು.

ಹುಡುಗ ಮನೆಯಲ್ಲಿ ಕೂತಿಲ್ಲ. ಬೆಳಿಗ್ಗೆ ತಂದೆಯ ಗ್ಯಾರೇಜು, ಸಂಜೆ ಹತ್ತನೇ ತರಗತಿಯ ಮಕ್ಕಳಿಗೆ ಭೌತಶಾಸ್ತ್ರದ ಪಾಠ. ಉಳಿದಿರುವ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಲಾಗ್‌ಬುಕ್ ಅವನ ಬಳಿ ಇದೆ. ಇವತ್ತು ಅವನು ಸಭೆಗೆ ಬಂದಿದ್ದಾನೆ, ಹಿಂದಿನ ಸಾಲಿನಲ್ಲಿ. ಎಲ್ಲಿ ಕೂತಿದ್ದಾನೆಂದು ತೋರಿಸುವುದಿಲ್ಲ.

ಸಂಸ್ಥೆಯ ಮುಂದೆ ನನ್ನದೊಂದು ಕೋರಿಕೆ ಇದೆ. ಆಡಳಿತ ಮಂಡಳಿಗೆ ಬರಹದಲ್ಲೂ ಕೊಟ್ಟಿದ್ದೇನೆ. ಹೊರಗೆ ಓದಲು ಹೋಗುವ ನಮ್ಮ ಪ್ರತಿ ವಿದ್ಯಾರ್ಥಿಯ ಕರಾರು, ರಸೀದಿ, ಪುಸ್ತಿಕೆಗಳ ಒಂದು ನಕಲು ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಇರಲಿ. ಮೂರು ತಿಂಗಳಿಗೊಮ್ಮೆ ಸಂಸ್ಥೆಯಿಂದ ಒಬ್ಬರು ಫೋನ್ ಮಾಡಲಿ. ಪೈಲಟ್ ಆದರೆ ಎಷ್ಟು ಗಂಟೆ ಎಂದು ಕೇಳಲಿ, ನರ್ಸಿಂಗ್ ಆದರೆ ಕಾಲೇಜಿಗೆ ಮಾನ್ಯತೆ ಉಂಟೇ ಎಂದು ಕೇಳಲಿ. ಕಪಾಟಿನ ಬೀಗದ ಕೈ ನನ್ನ ಬಳಿ ಇರಲಿ ಎಂದರೆ ಅದಕ್ಕೂ ನಾನು ಸಿದ್ಧ. ಹುಡುಗನ ದೂರಿನ ಪ್ರತಿಯನ್ನು ಹೆಸರು, ವಿಳಾಸ ಅಳಿಸಿ ಈಗಾಗಲೇ ಅಲ್ಲಿ ಇಟ್ಟಿದ್ದೇನೆ. ಬೇಕಾದವರು ಬಂದು ನಕಲು ತೆಗೆದುಕೊಳ್ಳಬಹುದು. ಶುಕ್ರವಾರ ಬಿಟ್ಟು ಉಳಿದ ದಿನ ಸಂಜೆ ಐದರ ಮೇಲೆ ನಾನು ಅಲ್ಲೇ ಇರುತ್ತೇನೆ.